ಹೊಸ್ತಿಲಾಚೆಗೆ ಬಂದ ಒಲೆ

ಸಂಜೆ ಏಳು ಗಂಟೆಯಾದರೆ ಮುನಿರಾಜಪ್ಪನವರ ಸಾಲುಮನೆಯಲ್ಲಿ ಎರಡು ಸದ್ದು ಒಟ್ಟಿಗೆ ಕೇಳುತ್ತಿದ್ದವು. ಒಂದು, ಹನ್ನೆರಡು ಕೋಣೆಗಳಲ್ಲಿ ಜೋಳದ ರೊಟ್ಟಿ ಬಡಿಯುವ ಪಟಪಟ. ಇನ್ನೊಂದು, ಮೆಟ್ಟಿಲ ಕೆಳಗಿನ ಗೂಡಿನಲ್ಲಿದ್ದ ಬೋರ್‌ವೆಲ್ ಮೋಟಾರಿನ ಗುಂಯ್. ರೊಟ್ಟಿಯ ಸದ್ದು ಏರಿದಂತೆಲ್ಲ ಮೋಟಾರಿನ ಸದ್ದು ಕುಗ್ಗುತ್ತಿತ್ತು. ಬಲ್ಬುಗಳು ಮಾಗಿದ ಹುಣಸೆಹಣ್ಣಿನ ಬಣ್ಣಕ್ಕೆ ತಿರುಗುತ್ತಿದ್ದವು. ಫ್ಯಾನಿನ ರೆಕ್ಕೆಗಳನ್ನು ಕೂತಲ್ಲೇ ಎಣಿಸಬಹುದಿತ್ತು. ಆಮೇಲೆ ಮೋಟಾರು ನಿಂತೇ ಹೋಗುತ್ತಿತ್ತು. ಮೇಲಿನ ಟ್ಯಾಂಕಿಗೆ ನೀರು ಏರುತ್ತಿರಲಿಲ್ಲ.

ಎರಡು ಸಾವಿರದ ಮೂರನೆಯ ಇಸವಿಯ ಬೇಸಿಗೆ ಅದು. ದೊಡ್ಡನೆಕ್ಕುಂದಿಯ ಫ್ಯಾಕ್ಟರಿಗಳ ಹಿಂದಿದ್ದ ಆ ಸಾಲಿನಲ್ಲಿ ಇದ್ದವರೆಲ್ಲ ಯಾದಗಿರಿ, ಸುರಪುರ, ಶಹಾಪುರದ ಕಡೆಯಿಂದ ದುಡಿಯಲು ಬಂದವರು. ಗ್ಯಾಸ್ ತೆಗೆದುಕೊಳ್ಳೋಣವೆಂದರೆ ವಿಳಾಸದ ಕಾಗದವಿಲ್ಲ. ಸೀಮೆಎಣ್ಣೆ ತರೋಣವೆಂದರೆ ರೇಷನ್ ಕಾರ್ಡು ಊರಲ್ಲಿದೆ. ಹಾಗಾಗಿ ಪ್ರತಿ ಕೋಣೆಯಲ್ಲೂ ಒಂದು ಕರೆಂಟ್ ಒಲೆ. ದುಂಡನೆಯ ಬಿಲ್ಲೆ, ಅದರ ಗೀರುಗಳಲ್ಲಿ ಸುರುಳಿ ತಂತಿ, ಸ್ವಿಚ್ಚು ಹಾಕಿದರೆ ಕೆಂಡ. ಕರೆಂಟಿನ ದುಡ್ಡು ಬಾಡಿಗೆಯಲ್ಲೇ ಸೇರಿತ್ತು. ಎಷ್ಟು ಉರಿಸಿದರೂ ಕೇಳುವವರಿರಲಿಲ್ಲ.

ಎಂಟನೆಯ ಕೋಣೆಯ ಅಮೃತಮ್ಮನಿಗೆ ಆ ಬೇಸಿಗೆಯಲ್ಲಿ ಮೋಟಾರಿನ ಸದ್ದು ಕಿವಿಗಿಂತ ಮೊದಲು ಎದೆಗೆ ಕೇಳುತ್ತಿತ್ತು. ಮಗಳು ಉಮಾಶ್ರೀ ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಳು. ತವರು ಎಂದರೆ ಈಗ ಈ ಒಂದು ಕೋಣೆಯೇ. ಒಂಬತ್ತು ತಿಂಗಳು ತುಂಬುತ್ತಾ ಬಂದಿತ್ತು. ಸೋಮವಾರ ಬೀದಿ ತುದಿಯ ಶಫಿ ಅವರ ಎಸ್‌ಟಿಡಿ ಬೂತಿಗೆ ಶಹಾಪುರದಿಂದ ಬೀಗತಿಯ ಫೋನು ಬಂತು.

“ಏನ್ರೀ ಬೀಗತಿ, ನಿಮ್ಮ ಕಡಿ ನೀರೇ ಇಲ್ಲಂತಲ್ಲ? ಬಾಣಂತಿಗಿ ಮೈಮ್ಯಾಲ ಏನು ಹಾಕ್ತೀರಿ, ಬರೇ ಮಾತು ಹಾಕ್ತೀರೇನು?”

“ನೀರು ಬರ್ತಾವ ರೀ. ಒಂದೊಂದು ದಿನ ತಡ ಆಗ್ತದ, ಅಷ್ಟ.”

“ಈ ಆಯ್ತಾರ ಬಿಟ್ಟು ಮುಂದಿನ ಆಯ್ತಾರ ನಾನೇ ಬರ್ತೀನಿ. ನೀರಿದ್ರ ಸೊಸಿನ್ನ ಬಿಟ್ಟು ಬರ್ತೀನಿ. ಇಲ್ಲಂದ್ರ ಕರ್ಕೊಂಡು ಬರ್ತೀನಿ. ನನಗ ಸಿಟ್ಟಿಲ್ಲ ಮತ್ತ. ಕೂಸಿನ ಚಿಂತಿ ಅಷ್ಟ.”

ತುಂಬಿದ ಬಸುರಿ ರಾತ್ರಿಯಿಡೀ ಬಸ್ಸಿನಲ್ಲಿ ಕುಲುಕಿಕೊಂಡು ಹೋಗುವುದನ್ನು ನೆನೆದು ಅಮೃತಮ್ಮನಿಗೆ ಕೂತಲ್ಲಿ ಕೂರಲಾಗಲಿಲ್ಲ. ಆಕೆ ಹತ್ತಿರದ ಕಂಪನಿಯ ಗಾಜಿನ ಕಟ್ಟಡದಲ್ಲಿ ನೆಲ ಒರೆಸುವ ಕೆಲಸಕ್ಕೆ ಹೋಗುತ್ತಿದ್ದಳು. ಮರುದಿನ ಒರೆಸಿದ ನೆಲವನ್ನೇ ಎರಡು ಸಲ ಒರೆಸಿ ಬಂದಳು.

ಆ ಮಂಗಳವಾರ ಸಂಜೆ ಫ್ಯೂಸು ಹೋಯಿತು. ಸಾಲೆಲ್ಲ ಕತ್ತಲೆ. ಐದನೆಯ ಕೋಣೆಯ ಭೀಮು ಬಾಯಲ್ಲಿ ಟಾರ್ಚು ಕಚ್ಚಿಕೊಂಡು ಮೀಟರಿನ ಹತ್ತಿರ ನಿಂತಿದ್ದ. ಅಷ್ಟರಲ್ಲಿ ಗೋವಿಂದಮ್ಮ ಬಂದರು. ಗೋವಿಂದಮ್ಮ ಪಕ್ಕದ ಬೀದಿಯವರು. ಅವರ ಗಂಡ ಕರೆಂಟ್ ಆಫೀಸಿನಲ್ಲಿ ಲೈನ್‌ಮನ್ ಆಗಿದ್ದು, ತೀರಿಹೋದ ಮೇಲೆ ಅಲ್ಲೇ ಇವರಿಗೊಂದು ಕೆಲಸ ಸಿಕ್ಕಿತ್ತು. ಪ್ರತಿ ಮಂಗಳವಾರ ಈ ಸಾಲಿನ ಹೆಂಗಸರ ಸಂಘ ನಡೆಸಲು ಬರುತ್ತಿದ್ದರು.

“ಭೀಮು, ಏನಪ್ಪಾ ಅದು ಕೈಯಲ್ಲಿ?”

ಭೀಮು ಟಾರ್ಚು ಕೈಗೆ ತೆಗೆದುಕೊಂಡ. “ತಂತಿ ರೀ ಅಕ್ಕ. ಒಂದೆಳಿ ಹಾಕಿದ್ರ ದಿನಾ ಸುಡ್ತದ. ಇವತ್ತು ಮೂರೆಳಿ ಹುರಿ ಮಾಡಿ ಹಾಕ್ತೀನಿ. ಅದೇನು ಸುಡ್ತದೋ ನೋಡೇಬಿಡ್ತೀನಿ.”

“ಫ್ಯೂಸ್ ಸುಡಲ್ಲ ಬಿಡು. ಮನೆ ಸುಡ್ತದೆ. ಅಲ್ಲ ಕಣಪ್ಪಾ, ನಾಯಿ ಬೊಗಳಿದ್ರೆ ಕಳ್ಳ ಬಂದ್ನಾ ಅಂತ ಎದ್ದು ನೋಡ್ತೀಯೋ, ಇಲ್ಲಾ ನಾಯಿ ಬಾಯಿಗೆ ಬಟ್ಟೆ ತುರುಕಿ ಮಲಗ್ತೀಯೋ?”

ಕತ್ತಲಲ್ಲಿ ಹೆಂಗಸರು ಕಿಸಕ್ಕನೆ ನಕ್ಕರು. ಭೀಮು ತಂತಿಯನ್ನು ಜೇಬಿಗೆ ಹಾಕಿಕೊಂಡ. ಮಾಳಿಗೆಯ ಮೇಲಿಂದ ಮಾಲೀಕ ಮುನಿರಾಜಪ್ಪ ದಡದಡ ಇಳಿದು ಬಂದರು.

“ಗೋವಿಂದಮ್ಮ, ನೀವಾದ್ರೂ ಹೇಳಿ ಇವರಿಗೆ. ಎರಡು ಸಲ ಮೋಟಾರ್ ಸುಟ್ಟೋಯ್ತು. ಇನ್ನೊಂದ್ಸಲ ಸುಟ್ರೆ ನಾನಂತೂ ರಿಪೇರಿ ಮಾಡ್ಸಲ್ಲ. ಎಲ್ಲಿಂದಾದ್ರೂ ಹೊತ್ಕೊಂಡು ಬರ್ಲಿ ನೀರು!”

“ನಿಮ್ಮ ಮೋಟಾರ್ ಮಧ್ಯಾಹ್ನ ಹಾಕ್ರಲ್ಲ ರೀ ಯಜಮಾನ್ರ,” ಎಂದಳು ಭೀಮುವಿನ ಹೆಂಡತಿ ಶಾಂಭವಿ.

“ಮಧ್ಯಾಹ್ನ ಕರೆಂಟ್ ಎಲ್ಲಿರ್ತದಮ್ಮ? ಬೋರಲ್ಲಿ ನೀರು ಊರೋದೇ ಸಾಯಂಕಾಲಕ್ಕೆ. ಅದೇ ಹೊತ್ತಿಗೆ ನೀವು ಒಲೆ ಹಚ್ತೀರಿ.”

ಭೀಮು ಒಂದೆಳೆಯ ತಂತಿ ಹಾಕಿದ. ದೀಪ ಬಂತು. ಅಲ್ಲೇ ಅಂಗಳದಲ್ಲಿ ಎಲ್ಲರೂ ಕೂತರು. ಗೋವಿಂದಮ್ಮ ತಲೆಯ ಮೇಲಿನ ಬಲ್ಬನ್ನು ತೋರಿಸಿದರು.

“ಇದು ನಲವತ್ತರ ಬಲ್ಬು. ಒಂದು ಕರೆಂಟ್ ಒಲೆ ತಿನ್ನೋ ಕರೆಂಟಲ್ಲಿ ಇಂಥವು ಐವತ್ತು ಉರಿಸಬಹುದು. ಹನ್ನೆರಡು ಒಲೆ ಅಂದ್ರೆ?”

“ಆರುನೂರು,” ಎಂದಳು ಉಮಾಶ್ರೀ ಮೆಲ್ಲಗೆ.

“ಆರುನೂರು ಬಲ್ಬು, ಈ ಒಂದು ತಂತಿ ಮೇಲೆ. ಮೋಟಾರಿಗೆ ಏನು ಮಿಗ್ತದೆ? ಅರೆಹೊಟ್ಟೆ ಎತ್ತು ಗಾಡಿ ಎಳೆದ ಹಾಗೆ ಅದು ಮುಕ್ಕರೀತದೆ, ಒಳಗೇ ಬಿಸಿಯಾಗ್ತದೆ, ಸುಟ್ಟುಹೋಗ್ತದೆ. ಸಾಯಂಕಾಲ ಆರೂವರೆಯಿಂದ ಎಂಟರವರೆಗೆ ಒಲೆ ಹಚ್ಚಬೇಡಿ. ಅಷ್ಟು ಮಾಡಿದ್ರೆ ನೀರು ಬರ್ತದೆ.”

ಗುಜುಗುಜು ಎದ್ದಿತು. ಅದೇ ಹೊತ್ತಿಗೆ ಗಂಡಸರು ಕೆಲಸದಿಂದ ಬರುತ್ತಾರೆ. ಅದೇ ಹೊತ್ತಿಗೆ ಹಸಿವು. ಬಿಸಿ ರೊಟ್ಟಿ ಇಲ್ಲದೆ ಊಟ ಹೇಗೆ? ಅಮೃತಮ್ಮ ಸೆರಗು ಬಿಗಿದು ಎದ್ದು ನಿಂತಳು.

“ಒಂದು ಮಾತು ಕೇಳ್ತೀನಿ ರೀ ಅಕ್ಕ. ನಾ ಕೆಲಸ ಮಾಡೋ ಗಾಜಿನ ಕಟ್ಟಡದಾಗ ರಾತ್ರಿಯೆಲ್ಲಾ ದೀಪ ಉರೀತಾವ. ಮಂದಿ ಇಲ್ಲದ ರೂಮಿನಾಗೂ ಉರೀತಾವ. ಖಾಲಿ ಕುರ್ಚಿಗೆ ತಂಪು ಗಾಳಿ ಬಿಡ್ತಾರ. ಅವರಿಗಿ ಯಾರೂ ಕೇಳಂಗಿಲ್ಲ. ನಾ ನಾಕು ರೊಟ್ಟಿ ಸುಟ್ರ ತಪ್ಪಾ?”

“ಹೌದು ಮತ್ತ!” ಎಂದು ಹತ್ತು ಬಾಯಿ.

ಗೋವಿಂದಮ್ಮ ತಲೆಯಾಡಿಸಿದರು. “ನೀವು ಹೇಳಿದ್ದು ಸುಳ್ಳಲ್ಲ ಅಮೃತಮ್ಮ. ಅವರೂ ಆರಿಸಬೇಕು. ಅದನ್ನ ಅಲ್ಲಿ ಕೇಳೋಣ, ನಾನೂ ಬರ್ತೀನಿ. ಆದ್ರೆ ಅವರ ಲೈನೇ ಬೇರೆ. ಇವತ್ತು ಅಲ್ಲಿ ದೀಪ ಆರಿದ್ರೆ ನಿಮ್ಮ ಟ್ಯಾಂಕಿಗೆ ನೀರು ಹತ್ತಲ್ಲ. ನಿಮ್ಮ ಮೋಟಾರಿನ ಕುತ್ತಿಗೆ ಹಿಡಿದಿರೋದು ನಿಮ್ಮ ಒಲೆ.”

ಕೊನೆಗೆ ಎಲ್ಲರೂ ಒಪ್ಪಿದರು. “ಎಲ್ಲಾರೂ ಆರಿಸ್ಲಿ, ನಾನೂ ಆರಿಸ್ತೀನಿ” ಎಂದಳು ಅಮೃತಮ್ಮ. ಹನ್ನೆರಡು ಕೋಣೆಯವರು ಹೇಳಿದ್ದೂ ಅದೇ ಮಾತು.

ಬುಧವಾರ ಸಂಜೆ ಬಲ್ಬು ಬೆಳ್ಳಗೆ ಉರಿಯಿತು. ಟ್ಯಾಂಕು ತುಂಬಿತು. ಉಮಾಶ್ರೀ ನಲ್ಲಿಯ ಕೆಳಗೆ ಎರಡೂ ಕೈ ಹಿಡಿದು ನಕ್ಕಳು. ಆದರೆ ಎಂಟರ ಮೇಲೆ ರೊಟ್ಟಿ ಮಾಡುವಷ್ಟರಲ್ಲಿ ಚಂದ್ರಾಮಪ್ಪನ ಮುಖ ಗಡಿಗೆಯಷ್ಟಾಗಿತ್ತು. ಅವನು ಅಮೃತಮ್ಮನ ಗಂಡ, ಗಾರೆ ಕೆಲಸದವನು. ದಿನವಿಡೀ ಇಟ್ಟಿಗೆ ಹೊತ್ತು ಬಂದವನು ಹಸಿವೆಯ ಮುಂದೆ ಯಾರ ಮಾತನ್ನೂ ಕೇಳುವವನಲ್ಲ.

“ಬೆಂಗಳೂರಿಗಿ ಬಂದಿದ್ದು ದುಡಿದು ಉಣ್ಣಾಕ,” ಎಂದ. “ದುಡಿದು ಕಾಯಾಕಲ್ಲ.”

ಗುರುವಾರ ಏಳಕ್ಕೆ ಅಮೃತಮ್ಮ ಬಾಗಿಲಲ್ಲಿ ನಿಂತು ಅತ್ತ ಇತ್ತ ನೋಡಿದಳು. ಗಂಡ ಈಗ ಬಂದಾನು. ಒಂದೇ ಒಂದು ಒಲೆ. ಹನ್ನೊಂದು ಆರಿರುವಾಗ ಒಂದರಿಂದ ಏನಾದೀತು? ಆದರೆ ರೊಟ್ಟಿ ಬಡಿದರೆ ಇಡೀ ಸಾಲಿಗೆ ಕೇಳುತ್ತದೆ. ಆಕೆ ಬಾಗಿಲು ಹಾಕಿದಳು. ನೆಲಕ್ಕೆ ಗೋಣಿಚೀಲ ಹಾಸಿದಳು. ಹುಟ್ಟಿದಾಗಿನಿಂದ ಕೈಯಲ್ಲಿ ಬಡಿದೇ ರೊಟ್ಟಿ ಮಾಡಿದವಳು, ಆ ದಿನ ಚಪಾತಿಯ ಲಟ್ಟಣಿಗೆ ತೆಗೆದುಕೊಂಡು ಸದ್ದಿಲ್ಲದೆ ಲಟ್ಟಿಸಿದಳು. ಜೋಳದ ಹಿಟ್ಟು ಲಟ್ಟಣಿಗೆಗೆ ಅಂಟಿಕೊಂಡಿತು, ಅಂಚು ಹರಿಯಿತು. ಉಮಾಶ್ರೀ ಮೂಲೆಯಲ್ಲಿ ಕೂತು ನೋಡುತ್ತಿದ್ದಳು.

ಶುಕ್ರವಾರವೂ ಹಾಗೆಯೇ ಲಟ್ಟಿಸುತ್ತಿದ್ದಾಗ ಅಮೃತಮ್ಮನ ಕೈ ನಿಂತಿತು. ಸಾಲಿನಲ್ಲಿ ಒಂದೇ ಒಂದು ರೊಟ್ಟಿಯ ಸದ್ದಿರಲಿಲ್ಲ. ಆದರೂ ಬಲ್ಬು ಕೆಂಪಾಗುತ್ತಿತ್ತು.

ಹೊರಗೆ ಬಂದು ನೋಡಿದಳು. ಸುಡುವ ಬೇಸಿಗೆಯ ಸಂಜೆ, ಎಲ್ಲರೂ ಬಾಗಿಲು ತೆರೆದು ಗಾಳಿಗೆ ಕೂರುವ ಹೊತ್ತು. ಹನ್ನೊಂದು ಬಾಗಿಲೂ ಹಾಕಿದ್ದವು. ಒಂದೊಂದು ಬಾಗಿಲ ಸಂದಿಯಲ್ಲೂ ಒಲೆಯ ಕೆಂಪು ಗೆರೆ. ಸಾಲಿಗೆ ಸಾಲೇ ಲಟ್ಟಣಿಗೆ ಹಿಡಿದಿತ್ತು!

ಆಕೆಗೆ ನಗು ಬಂತು. ಅದು ತುಟಿಗೆ ಬರುವ ಮೊದಲೇ ಮೆಟ್ಟಿಲ ಕೆಳಗಿಂದ ಸುಟ್ಟ ವಾಸನೆ ಬಂತು. ಮೋಟಾರು ಒಮ್ಮೆ ನರಳಿ ಸುಮ್ಮನಾಯಿತು.

ಮುನಿರಾಜಪ್ಪ ಬಯ್ಯಲೂ ಇಲ್ಲ. ಗೂಡಿಗೆ ಬೀಗ ಹಾಕಿ ಮೇಲೆ ಹೋದರು. ಕೋಣೆ ಕೋಣೆಯಲ್ಲೂ “ನಾವಲ್ಲಪ್ಪಾ, ಯಾರು ಹಚ್ಚಿದ್ರೋ” ಎಂಬ ಮಾತು.

ಶನಿವಾರ ಸಂಜೆ ಆರಕ್ಕೆ ಅಮೃತಮ್ಮ ಕೆಲಸ ಮುಗಿಸಿ ರಿಂಗ್ ರಸ್ತೆಗೆ ಬಂದಳು. ರಸ್ತೆಯಾಚೆಗೆ ಒಂದು ಬೀದಿ ಕೊಳಾಯಿ ಇತ್ತು. ಸಾಲಿನ ಹೆಂಗಸರು ಬೆಳಗಿನಿಂದ ಅಲ್ಲಿಂದಲೇ ಹೊರುತ್ತಿದ್ದರು. ರಸ್ತೆಯ ನಡುವಿನ ಕಟ್ಟೆಯ ಮೇಲೆ ಯಾರೋ ಹೆಂಗಸು ಕೂತಿದ್ದಳು. ಕಾಲ ಬಳಿ ಹಳದಿ ಪ್ಲಾಸ್ಟಿಕ್ ಕೊಡ. ಒಂದು ಕಡೆ ಲಾರಿಗಳು, ಇನ್ನೊಂದು ಕಡೆ ಕಂಪನಿ ಬಸ್ಸುಗಳು. ಆಕೆ ಏಳಲು ನೋಡುತ್ತಾಳೆ, ಮತ್ತೆ ಕೂರುತ್ತಾಳೆ. ಪಾಪ, ಯಾರ ಮನೆಯ ಹೆಣ್ಣೋ ಎಂದುಕೊಂಡಳು ಅಮೃತಮ್ಮ. ಆ ಹಳದಿ ಕೊಡದ ಬಾಯಿ ಮುರಿದಿತ್ತು. ಅದು ತನ್ನ ಮನೆಯ ಕೊಡ.

ಲಾರಿಯವನು ಹಾರ್ನು ಹಾಕಿದ್ದು, ಬಯ್ದದ್ದು, ಯಾವುದೂ ಆಕೆಗೆ ಕೇಳಿಸಲಿಲ್ಲ.

“ಯಾರು ಹೋಗಂದಿದ್ರೇ ನಿನಗ? ಹುಚ್ಚಿ ಏನು ನೀ?”

“ಸಿಟ್ಟು ಮಾಡಬ್ಯಾಡವ್ವ.” ಉಮಾಶ್ರೀಯ ಮುಖ ಬೆವೆತಿತ್ತು. ಒಂದು ಕೈ ಹೊಟ್ಟೆಯ ಮೇಲಿತ್ತು. “ಅಪ್ಪ ಬರೋ ಹೊತ್ತಾಗಿತ್ತು. ಮನ್ಯಾಗ ಕೈಕಾಲು ತೊಳಿಲಿಕ್ಕಿನೂ ನೀರಿರ್ಲಿಲ್ಲ. ಅರ್ಧ ದಾಟಿದ ಮ್ಯಾಲ ಒಮ್ಮಿಗಿ ಕಣ್ಣು ಕತ್ತಲಾತು.”

ಅಮೃತಮ್ಮ ಕೊಡ ಎತ್ತಿ ಸೊಂಟಕ್ಕೆ ಇಟ್ಟುಕೊಂಡಳು. ಇನ್ನೊಂದು ಕೈಯಲ್ಲಿ ಮಗಳನ್ನು ಹಿಡಿದು ದಾಟಿಸಿದಳು. ಕೊಡದ ನೀರು ಇಬ್ಬರ ಮೇಲೂ ತುಳುಕಿತು.

“ಯಾರು ಒಲಿ ಹಚ್ಚಿದ್ರೋ, ಅವರ ಕೈ ಸೇದಿ ಹೋಗ,” ಎಂದು ದಾರಿಯುದ್ದಕ್ಕೂ ಶಪಿಸಿದಳು.

ಉಮಾಶ್ರೀ ನಿಂತಳು. “ಅವ್ವಾ, ನೀ ಲಟ್ಟಿಸೂದು ನಾ ನೋಡೀನಿ.”

ಅಷ್ಟೇ ಅಂದಳು. ಅಮೃತಮ್ಮ ಕೊಡವನ್ನು ಇನ್ನೊಂದು ಸೊಂಟಕ್ಕೆ ಬದಲಿಸಿ ಮುಂದೆ ನಡೆದಳು.

ಆ ಸಂಜೆ ಆಕೆ ಒಲೆಯ ವೈರು ಕಿತ್ತಳು. ಒಲೆಯನ್ನು ಎತ್ತಿ ತಂದು ಹೊಸ್ತಿಲಾಚೆ, ಎಲ್ಲರೂ ನಡೆದಾಡುವ ಕಡೆ, ಬೋರಲು ಹಾಕಿದಳು. ಚಂದ್ರಾಮಪ್ಪ ಅದನ್ನು ಎಡವಿಯೇ ಒಳಗೆ ಬಂದ.

“ಏನಿದು?”

“ಒಲಿ. ಆರೂವರಿಗಿ ಹೊರಗ ಹೋಗ್ತದ. ಎಂಟಕ್ಕ ಒಳಗ ಬರ್ತದ.”

“ನಾ?”

“ನೀ ಒಳಗೇ ಇರು.”

“ಮತ್ತ ಊಟ?”

“ನಾಳಿ ಮುಂಜಾನಿ ನೀ ಕೆಲಸದ ಕಡಿಂದ ಮುರುಕ ಹಲಿಗಿ ತಂದುಕೊಡು. ಸೆಂಟ್ರಿಂಗಿಗಿ ಬಳಸಿ ಬಿಸಾಕಿರ್ತಾರಲ್ಲ, ಅವು. ಮೇಸ್ತ್ರಿಗಿ ಕೇಳಿ ತಾ. ಊಟದ ಚಿಂತಿ ನನಗ ಬಿಡು.”

ಭಾನುವಾರ ಬೆಳಿಗ್ಗೆ ಸಾಲಿನ ಪಕ್ಕದ ಖಾಲಿ ನಿವೇಶನದಲ್ಲಿ ಮೂರು ಇಟ್ಟಿಗೆ ಹೂಡಿ, ಚಂದ್ರಾಮಪ್ಪ ತಂದ ಹಲಗೆ ಉರಿಸಿ, ದೊಡ್ಡ ಹಂಚಿಟ್ಟು ಅಮೃತಮ್ಮ ಕೂತಳು. ಊರಲ್ಲಿ ಬಿತ್ತನೆ ಬಂದರೆ ಹೆಂಗಸರಿಗೆ ದಿನವೂ ಒಲೆ ಹಚ್ಚಲು ಪುರುಸೊತ್ತಿಲ್ಲ. ಒಂದೇ ದಿನ ವಾರಕ್ಕಾಗುವಷ್ಟು ಕಡಕ್ ರೊಟ್ಟಿ ಮಾಡಿ ಇಡುತ್ತಾರೆ. ಹಪ್ಪಳದಷ್ಟು ತೆಳ್ಳಗೆ ಬಡಿದು, ತೇವ ಆರುವವರೆಗೆ ಸುಟ್ಟು, ಒಂದರ ಮೇಲೊಂದು ಪೇರಿಸಿ ಬಿಳಿ ಬಟ್ಟೆ ಮುಚ್ಚಿದರೆ ಎಷ್ಟು ದಿನವಾದರೂ ಕೆಡುವುದಿಲ್ಲ. ನಗರಕ್ಕೆ ಬಂದ ಮೇಲೆ ಯಾರಿಗೂ ಅದರ ನೆನಪೇ ಇರಲಿಲ್ಲ. ಸ್ವಿಚ್ಚು ಒತ್ತಿದರೆ ಕೆಂಡವಾಗುವಾಗ ಯಾರಿಗೆ ಬೇಕಿತ್ತು?

ಆಕೆ ಬಡಿದಳು. ಪಟಪಟ ಸದ್ದು ಬೀದಿಯ ತುದಿಯವರೆಗೂ ಹೋಯಿತು. ಮುಚ್ಚಿಡುವುದೇನೂ ಇರಲಿಲ್ಲ. ಅಂದು ರಜೆಯೆಂದು ಗೋವಿಂದಮ್ಮ ಆ ದಾರಿಯಲ್ಲಿ ಬಂದವರು ನಿಂತರು.

“ಇಷ್ಟೊಂದು ರೊಟ್ಟಿ! ಯಾರ ಮದುವೆ ಅಮೃತಮ್ಮ?”

“ಮದುವಿ ಇಲ್ರೀ ಅಕ್ಕ. ತಪ್ಪು ಮಾಡೀನಿ, ಅದಕ್ಕ.” ಲಟ್ಟಣಿಗೆಯ ಕಥೆಯನ್ನು ಒಂದೂ ಬಿಡದೆ ಹೇಳಿದಳು. ರಸ್ತೆಯ ನಡುವೆ ಮಗಳು ಕೂತಿದ್ದನ್ನು ಹೇಳುವಾಗ ಹಂಚಿನ ಮೇಲಿನ ರೊಟ್ಟಿ ಸೀದದ್ದೂ ತಿಳಿಯಲಿಲ್ಲ.

ಗೋವಿಂದಮ್ಮ ಬುದ್ಧಿ ಹೇಳಲಿಲ್ಲ. ಒಂದು ಬಿಸಿ ರೊಟ್ಟಿ ಮುರಿದು ಬಾಯಿಗೆ ಹಾಕಿಕೊಂಡು, “ಬನ್ನಿ, ಮುನಿರಾಜಪ್ಪನವರ ಹತ್ರ ಹೋಗೋಣ,” ಎಂದರು.

ಮುನಿರಾಜಪ್ಪ ಮೊದಲು ಕೈ ಅಲ್ಲಾಡಿಸಿಬಿಟ್ಟರು. ಒಳಗಿಂದ ಅವರ ಹೆಂಡತಿ ಯಶೋದಮ್ಮನ ದನಿ ಬಂತು. “ಟ್ಯಾಂಕಿನ ನೀರು ನಮಗೂ ಬೇಕಲ್ಲ! ಎರಡು ದಿನದಿಂದ ಪಾತ್ರೆ ಹಂಗೇ ಬಿದ್ದಿವೆ. ನೀವು ಬಂದು ಬೆಳಗ್ತೀರಾ?” ಅಲ್ಲಿಗೆ ಮಾತು ಮುಗಿಯಿತು. ಮೋಟಾರು ರಿಪೇರಿಗೆ ಹೋಯಿತು.

“ಇದೇ ಕೊನೆ,” ಎಂದರು ಮುನಿರಾಜಪ್ಪ.

“ಬಲ್ಬು ಬೆಳ್ಳಗಿದ್ರೆ ಮಾತ್ರ ಮೋಟಾರ್ ಹಾಕಿ,” ಎಂದರು ಗೋವಿಂದಮ್ಮ. “ಕೆಂಪಗಿದ್ರೆ ಮುಟ್ಲೇಬೇಡಿ.”

ಮಂಗಳವಾರ ಮೋಟಾರು ವಾಪಸು ಬಂತು. ಸಂಜೆ ಆರೂವರೆಗೆ ಅಮೃತಮ್ಮನ ಒಲೆ ಹೊಸ್ತಿಲಾಚೆ ಬಂತು. ಅದೊಂದೇ. ಭೀಮು ಅದನ್ನು ನೋಡಿ ನಿಂತ.

“ಅಮೃತವ್ವ, ಒಲಿ ಮಾರ್ಲಿಕ್ಕಿ ಇಟ್ಟೀರೇನ್ರೀ?”

“ಮಾರೂದಿಲ್ಲ ತಮ್ಮಾ. ಮುಟ್ಟಿ ನೋಡು.”

“ಬ್ಯಾಡ್ರೀ, ಸುಟ್ಟೀತು.”

“ಮುಟ್ಟೋ ಅಂದ್ರ.”

ಭೀಮು ಬಗ್ಗಿ ಬೆರಳಿಟ್ಟ. ಒಲೆ ತಣ್ಣಗಿತ್ತು. ಬೆರಳನ್ನು ಅಂಗಿಗೆ ಒರೆಸಿಕೊಂಡು ಹೋದ. ಆ ದಿನ ಏಳಕ್ಕೆ ಬಲ್ಬು ಕೆಂಪಗೇ ಇತ್ತು, ಮುನಿರಾಜಪ್ಪ ಮೋಟಾರು ಹಾಕಲಿಲ್ಲ. ಒಂಬತ್ತರ ಮೇಲೆ ಹಾಕಿದರು, ಅಷ್ಟಿಷ್ಟು ನೀರು ಬಂತು. ಒಳಗೆ ಚಂದ್ರಾಮಪ್ಪ ಕಡಕ್ ರೊಟ್ಟಿ ಕಚ್ಚಿದ. ಪಕ್ಕದ ಕೋಣೆಗೆ ಕೇಳುವಷ್ಟು ಸದ್ದಾಯಿತು.

“ಹಲ್ಲು ಉದುರಿದ್ರ ನೀ ಕಟ್ಟಿಸಿಕೊಡ್ತೀಯೇನು?”

“ಶೇಂಗಾ ಹಿಂಡಿ, ಮೊಸರು ಹಚ್ಚಿ ತಿನ್ನು. ನಿಮ್ಮವ್ವ ಇದನ್ನೇ ಕೊಟ್ಟು ನಿನಗ ಇಷ್ಟುದ್ದ ಮಾಡ್ಯಾಳ.”

ಅವ್ವನ ಹೆಸರು ಬಂದ ಮೇಲೆ ಚಂದ್ರಾಮಪ್ಪ ತಟ್ಟೆಯನ್ನು ಹತ್ತಿರಕ್ಕೆ ಎಳೆದುಕೊಂಡ. ಎರಡನೆಯದನ್ನು ಮುರಿದು ಮೊಸರಿನಲ್ಲಿ ನೆನೆಸಿದ. ಮೂರನೆಯದನ್ನು ತಾನಾಗಿಯೇ ಕೇಳಿದ.

ಬುಧವಾರ ಶಾಂಭವಿ ಬಂದಳು. ಒಲೆ ಮುಟ್ಟಿ ನೋಡಿದಳು. “ಖರೇನೇ ತಣ್ಣಗದ,” ಎಂದಳು. ಸ್ವಲ್ಪ ಹೊತ್ತಿಗೆ ತನ್ನ ಒಲೆಯನ್ನೂ ತಂದು ಹೊಸ್ತಿಲಾಚೆ ಇಟ್ಟಳು. “ನಾನೂ ಲಟ್ಟಿಸ್ತಿದ್ದೆ ರೀ ಅವ್ವ,” ಎಂದು ಸೆರಗಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಳು. ಗುರುವಾರ ಐದು ಒಲೆ ಹೊರಗೆ ಬಂದವು. ಶುಕ್ರವಾರ ಏಳು. ಶನಿವಾರ ಒಂಬತ್ತು. ಹೋಗಿ ಬರುವವರೆಲ್ಲ ಮುಟ್ಟಿ ನೋಡುವುದೇ ಒಂದು ಆಟವಾಯಿತು. ಮಾತಿಗೆ ಸಿಗದ ನಂಬಿಕೆ ಬೆರಳಿಗೆ ಸಿಕ್ಕಿತ್ತು. ಇನ್ನೂ ಮೂರು ಒಲೆ ಒಳಗೇ ಇದ್ದವು. ಮೋಟಾರು ಕುಂಟುತ್ತಾ ಓಡಿತು.

ಭಾನುವಾರ ಸಂಜೆ ಬೀಗತಿ ಬಂದರು. ಕೈಯಲ್ಲಿ ಖಾಲಿ ಚೀಲ. ಅದು ಉಮಾಶ್ರೀಯ ಬಟ್ಟೆ ತುಂಬಲು ತಂದ ಚೀಲ ಎಂಬುದು ಅಮೃತಮ್ಮನಿಗೆ ನೋಡಿದ ಕೂಡಲೇ ತಿಳಿಯಿತು. ಬೀಗತಿ ಅಂಗಳದಲ್ಲಿ ಸಾಲಾಗಿ ಬೋರಲು ಬಿದ್ದಿದ್ದ ಒಲೆಗಳನ್ನು ನೋಡಿದರು.

“ಏನ್ರೀ ಇದು, ಒಲಿಗೋಳ ಸಂತಿ?”

“ಕೂಡ್ರಿ ಬೀಗತಿ, ಹೇಳ್ತೀನಿ.”

“ಕೂಡೂದು ಆಮ್ಯಾಲ. ಎಲ್ಲದ ನೀರು?”

ಬೀಗತಿ ನೇರ ನಲ್ಲಿಗೆ ಹೋಗಿ ತಿರುಗಿಸಿದರು. ಎರಡು ಹನಿ ಬಿತ್ತು, ನಿಂತಿತು. ಏಳಾಗಿತ್ತು. ಮುನಿರಾಜಪ್ಪ ಸ್ವಿಚ್ಚಿನ ಹತ್ತಿರ ನಿಂತು ಬಲ್ಬನ್ನೇ ನೋಡುತ್ತಿದ್ದರು. ಬಲ್ಬು ಬೆಳ್ಳಗಾಗಲಿಲ್ಲ. ಇಡೀ ಬೀದಿಯಲ್ಲಿ ಭಾನುವಾರದ ಅಡುಗೆ. ಸಾಲಿನ ಮೂರು ಒಲೆಗಳೂ ಉರಿಯುತ್ತಿದ್ದವು. ಉಮಾಶ್ರೀ ಬಾಗಿಲಿಗೆ ಒರಗಿ ನಿಂತು ತಾಯಿಯ ಮುಖವನ್ನೊಮ್ಮೆ, ಅತ್ತೆಯ ಚೀಲವನ್ನೊಮ್ಮೆ ನೋಡಿದಳು.

“ಹಾಕಲ್ಲಮ್ಮ,” ಎಂದರು ಮುನಿರಾಜಪ್ಪ. “ಕೆಂಪಗಿದೆ.”

ಅಮೃತಮ್ಮ ಒಂದನೆಯ ಕೋಣೆಗೆ ನಡೆದಳು. ಅಲ್ಲಿ ಲಕ್ಷ್ಮಿಕಾಂತ ಮತ್ತವನ ಗೆಳೆಯರು ಇದ್ದರು, ಫ್ಯಾಕ್ಟರಿ ಹುಡುಗರು. ಕೋಣೆ ತುಂಬ ಕೋಳಿ ಮಸಾಲೆಯ ಘಮ.

“ಲಕ್ಷ್ಮಿಕಾಂತ, ಒಂದು ತಾಸು ಒಲಿ ಆರಿಸಪ್ಪ.”

“ಕೋಳಿ ಅರ್ಧ ಬೆಂದದ ರೀ ಅವ್ವ! ನಮ್ಮದೊಂದೇ ಒಲಿಯಿಂದ ಏನಾಗ್ತದ?”

“ನಾನೂ ಹಂಗೇ ಅಂದುಕೊಂಡಿದ್ದೆ ತಮ್ಮಾ. ನನ್ನದೊಂದೇ ಅಂತ. ಮರುದಿನ ನನ್ನ ಮಗಳು ಕೊಡ ಹೊತ್ತು ಲಾರಿಗಳ ನಡಕ ಕೂತಿದ್ಲು.” ಆಕೆ ಉಮಾಶ್ರೀಯ ಕಡೆ ಕೈ ತೋರಿಸಿದಳು. “ಅಕಿ ಇವತ್ತು ಬಸ್ಸು ಹತ್ತಬೇಕೋ, ನನ್ನ ಹತ್ರ ಇರಬೇಕೋ, ನಿನ್ನ ಒಲಿ ಮ್ಯಾಲ ಅದ. ಉಳಿದ ಅರ್ಧ ಎಂಟಕ್ಕ ಬೇಯ್ಸು. ಕೋಳಿ ಎಲ್ಲಿಗೂ ಓಡಿಹೋಗಾದಿಲ್ಲ.”

ಹುಡುಗರು ನಕ್ಕರು. ಲಕ್ಷ್ಮಿಕಾಂತ ನಗಲಿಲ್ಲ. ಸ್ವಿಚ್ಚು ಆರಿಸಿ, ವೈರು ಕಿತ್ತು, ಪಾತ್ರೆ ಕೆಳಗಿಳಿಸಿದ. ಎರಡು ಬಟ್ಟೆಯಲ್ಲಿ ಹಿಡಿದು ಕೆಂಪಗಿದ್ದ ಒಲೆಯನ್ನು ಹಾಗೇ ತಂದು ಹೊಸ್ತಿಲಾಚೆ ಇಟ್ಟ. “ಯಾರೂ ಮುಟ್ಟಬ್ಯಾಡ್ರಪ್ಪೋ, ಇದು ಖರೇನೇ ಸುಡ್ತದ!” ಎಂದು ಕೂಗಿದ. ಆ ಕೂಗಿಗೆ ನಾಲ್ಕನೆಯ ಕೋಣೆಯ ಬಾಗಿಲು ತೆರೆಯಿತು. ಆಮೇಲೆ ಹನ್ನೆರಡನೆಯದು.

ಬಲ್ಬಿನ ಕೆಂಪು ತೆಳುವಾಯಿತು, ಹಳದಿಯಾಯಿತು, ಬೆಳ್ಳಗಾಯಿತು. ಮುನಿರಾಜಪ್ಪ ಸ್ವಿಚ್ಚು ಒತ್ತಿದರು. ಮೋಟಾರು ಒಮ್ಮೆ ತಡವರಿಸಿತು. ಆಮೇಲೆ ಅದು ಒಂದೇ ದನಿಯಲ್ಲಿ ಓಡತೊಡಗಿತು. ತುಸು ಹೊತ್ತಿಗೆ ಮೇಲಿನ ಖಾಲಿ ಟ್ಯಾಂಕಿನ ತಳಕ್ಕೆ ನೀರು ಬೀಳುವ ಸದ್ದು ಕೇಳಿತು.

ಬೀಗತಿ ನಲ್ಲಿಯ ಕೆಳಗೆ ಕೈ ಹಿಡಿದು ನಿಂತರು. ನೀರು ಬಂತು. ಮುಖ ತೊಳೆದುಕೊಂಡರು. ಕಾಲು ತೊಳೆದುಕೊಂಡರು. ಖಾಲಿ ಚೀಲವನ್ನು ನಾಲ್ಕು ಮಡಿಕೆ ಮಾಡಿ ಸೊಂಟಕ್ಕೆ ಸಿಕ್ಕಿಸಿಕೊಂಡರು.

“ಕಡಕ್ ರೊಟ್ಟಿ ಅವ ಏನ್ರೀ ಬೀಗತಿ? ಹಸಿವಾಗ್ಯಾದ.”

ಉಮಾಶ್ರೀ ಒಳಗೆ ಓಡಿದಳು. “ಮೆಲ್ಲಗ, ಮೆಲ್ಲಗ!” ಎಂದು ಇಬ್ಬರು ತಾಯಂದಿರೂ ಒಟ್ಟಿಗೆ ಕೂಗಿದರು.

ಒಂಬತ್ತು ದಿನದ ಮೇಲೆ ಉಮಾಶ್ರೀಗೆ ಹೆಣ್ಣು ಮಗು ಹುಟ್ಟಿತು. ಬಾಣಂತಿಯ ಸ್ನಾನದ ನೀರು ಪಕ್ಕದ ನಿವೇಶನದ ಇಟ್ಟಿಗೆ ಒಲೆಯ ಮೇಲೆ ಕಾಯಿತು. ಈಗ ಭಾನುವಾರ ಅಲ್ಲಿ ನಾಲ್ಕೈದು ಮನೆಯವರು ಕೂಡಿ ಒಂದೇ ಬೆಂಕಿಯಲ್ಲಿ ವಾರದ ರೊಟ್ಟಿ ಮಾಡುತ್ತಾರೆ. ಬಿಸಿ ರೊಟ್ಟಿಯ ಆಸೆ ಯಾರಿಗೂ ಹೋಗಿಲ್ಲ. ಚಂದ್ರಾಮಪ್ಪ ಇಂದಿಗೂ ಗೊಣಗುತ್ತಾನೆ. ಎಂಟರ ಮೇಲೆ ಅಪರೂಪಕ್ಕೊಮ್ಮೆ ಅಮೃತಮ್ಮ ಅವನಿಗೊಂದು ಬಿಸಿ ರೊಟ್ಟಿ ಬಡಿದು ಕೊಡುತ್ತಾಳೆ. ಗಾಜಿನ ಕಟ್ಟಡದಲ್ಲೂ ಆಕೆ ಸುಮ್ಮನಿಲ್ಲ. ಸೂಪರ್‌ವೈಸರ್ ಹತ್ತಿರ ಕೇಳಿ, ಒರೆಸಿ ಮುಗಿಸಿದ ಖಾಲಿ ಕೋಣೆಗಳ ದೀಪ ಆರಿಸಿಯೇ ಬಾಗಿಲು ಹಾಕುತ್ತಾಳೆ.

ಇದನ್ನು ಓದುತ್ತಿರುವ ಅಕ್ಕಂದಿರೇ, ಕೂತು ಕೇಳುತ್ತಿರುವ ಅಣ್ಣಂದಿರೇ, ನಿಮ್ಮ ಮನೆಯಲ್ಲೂ ಸಂಜೆ ಏಳಕ್ಕೆ ಬಲ್ಬು ಕೆಂಪಗಾಗುತ್ತದೆಯೇ? ಹಾಗಿದ್ದರೆ ಫ್ಯೂಸಿಗೆ ದಪ್ಪ ತಂತಿ ಹಾಕಬೇಡಿ. ಪಕ್ಕದ ಮನೆಯವರು ಆರಿಸಿದರೇ ಎಂದು ಬಾಗಿಲ ಸಂದಿಯಲ್ಲಿ ಇಣುಕಬೇಡಿ. ಅವರೂ ನಿಮ್ಮ ಬಾಗಿಲನ್ನೇ ಇಣುಕುತ್ತಿರುತ್ತಾರೆ. ಕರೆಂಟ್ ಒಲೆಯೋ, ನೀರು ಕಾಯಿಸುವ ರಾಡೋ, ಇಸ್ತ್ರಿ ಪೆಟ್ಟಿಗೆಯೋ, ನಿಮ್ಮ ಮನೆಯಲ್ಲಿ ಹೆಚ್ಚು ಕರೆಂಟು ತಿನ್ನುವುದು ಯಾವುದೋ ಅದನ್ನು ಇವತ್ತು ಸಂಜೆ ಆರೂವರೆಗೆ ಹೊಸ್ತಿಲಾಚೆ ತಂದಿಡಿ. ನಾಲ್ಕು ಜನ ಮುಟ್ಟಿ ನೋಡಲಿ. ತಣ್ಣಗಿರಲಿ.